ಈ ಮನೇಲಿ ಯಾರ್ಯಾರಿದ್ದೀರಿ?

ಕಾಸಾಬ್ಲಾಂಕ
14 ಅಕ್ಟೋಬರ್ 2018

ಖಾಲ್ತಿ ಬತೂಲ್ ಅವರಿಗೆ ಇದ್ರಿಸ್ಸಾನ ಸಲಾಮುಗಳು.

ಯಾವ ಇದ್ರಿಸ್ಸಾ ಎಂದು ಕೇಳಬೇಡಿ. ನಿಮ್ಮನ್ನು ಸ್ವಂತ ಚಿಕ್ಕಮ್ಮನಂತೆ ಖಾಲ್ತಿ ಎಂದು ಕರೆಯುತ್ತಾ ನಿಮ್ಮ ಮಾಳಿಗೆಯ ಕೋಣೆಯಲ್ಲಿ ಹದಿನಾಲ್ಕು ತಿಂಗಳು ಇದ್ದವನು. ದಿನಾ ಬೆಳಿಗ್ಗೆ ನಿಮ್ಮ ರೊಟ್ಟಿ ಹಲಗೆಯನ್ನು ತಲೆಯ ಮೇಲಿಟ್ಟುಕೊಂಡು ಬೀದಿಯ ಒಲೆಗೆ ಬೇಯಿಸಲು ಒಯ್ಯುತ್ತಿದ್ದ ಬುರ್ಕಿನಾ ದೇಶದವನು. ಎರಡು ವರ್ಷ ನಿಮಗೊಂದು ಸಾಲೂ ಬರೆಯಲಿಲ್ಲ. ಈಗ ಕೆಲಸ ಬಿದ್ದಿದೆ ಎಂದು ಬರೆಯುತ್ತಿದ್ದೇನೆ, ನಾಚಿಕೆಯಾಗುತ್ತದೆ. ಮೂರು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ.

ನಾನು ಇಲ್ಲೊಂದು ಫೋನ್ ಕಂಪನಿಯಲ್ಲಿದ್ದೇನೆ. ಫ್ರಾನ್ಸಿನವರಿಗೆ ಇಲ್ಲಿಂದಲೇ ಕರೆ ಮಾಡಿ ವಿಮೆ ಮಾರುವುದು. ಫೋನಿನಲ್ಲಿ ನನ್ನ ಹೆಸರು ಜೂಲಿಯನ್. ಇದ್ರಿಸ್ಸಾ ಎಂದರೆ ಅವರು ಇಟ್ಟುಬಿಡುತ್ತಾರಂತೆ. ಏಪ್ರಿಲ್ ಕೊನೆಗೆ ನಮ್ಮ ಕರಾರು ಮುಗಿಯುತ್ತದೆ, ಹೊಸತು ಮಾಡುವುದಿಲ್ಲ ಎಂದಾಗಿದೆ. ಕರಾರು ಹೋದರೆ ವರ್ಷ ವರ್ಷದ ವಾಸದ ಕಾರ್ಡೂ ಹೋಗುತ್ತದೆ, ದೇಶ ಬಿಡಬೇಕು. ಅದಕ್ಕೇ ಹತ್ತು ವರ್ಷದ ಕಾರ್ಡಿಗೆ ಅರ್ಜಿ ಹಾಕಿದ್ದೇನೆ. ನಾಲ್ಕು ವರ್ಷ ನಡುವೆ ಬಿಡದೆ ಈ ದೇಶದಲ್ಲೇ ಇದ್ದೆ ಎಂದು ತೋರಿಸಿದರೆ ಅದು ಸಿಗುತ್ತದೆ.

ಓದಿದ ವರ್ಷಗಳಿಗೆ ಕಾಲೇಜಿನ ಕಾಗದ ಇದೆ. ಇಲ್ಲಿಯ ಎರಡು ವರ್ಷಕ್ಕೆ ಕಂಪನಿಯ ಕಾಗದ ಇದೆ. ನಿಮ್ಮ ಮನೆಯಲ್ಲಿದ್ದ ಹದಿನಾಲ್ಕು ತಿಂಗಳಿಗೆ ಏನೂ ಇಲ್ಲ. ಆಗ ನಾನು ಮೀನು ಪೆಟ್ಟಿಗೆ ಹೊರುತ್ತಿದ್ದೆ, ಮೀನಿನವರು ಯಾರಿಗೆ ಕಾಗದ ಕೊಡುತ್ತಾರೆ? ಮೇಲಾಗಿ ಸರ್ಕಾರದ ಪರವಾಗಿ ನಿಮ್ಮ ಬೀದಿ ನೋಡಿಕೊಳ್ಳುವ ಮುಕದ್ದಮ ಆಗ ವಿಚಾರಿಸಲು ಬಂದು, 'ಈ ವಿಳಾಸದಲ್ಲಿ ಇಂಥವರು ಯಾರೂ ಇಲ್ಲ' ಎಂದು ವರದಿ ಬರೆದಿದ್ದಾನೆ. ತಪ್ಪು ಮನೆಯ ಬಾಗಿಲು ತಟ್ಟಿರಬೇಕು. ನೀವು ಒಂದು ಕಾಗದದಲ್ಲಿ ಇವನು ನನ್ನ ಮನೆಯಲ್ಲಿ ಇದ್ದ ಎಂದು ಬರೆದು ಸಹಿ ಮಾಡಿಕೊಟ್ಟರೆ ಸಾಕು.

ನಿಮ್ಮ ಮೊಣಕಾಲು ಹೇಗಿದೆ?

ನಿಮ್ಮ
ಇದ್ರಿಸ್ಸಾ ಸವಾಡೊಗೊ

*

ಸಲೇ
9 ನವೆಂಬರ್ 2018

ಮಗ ಇದ್ರೀಸನಿಗೆ,

ನಿನ್ನ ಕಾಗದ ಬಂದು ಮೂರು ವಾರ ಆಯಿತು. ಕನ್ನಡಕದ ಕಾಲು ಮುರಿದಿತ್ತು. ಆಮೇಲೆ ಆಲಿವ್ ಬಂತು. ಈ ಸಲ ಒಳ್ಳೆಯ ಕಾಯಿ, ಕಹಿ ಬೇಗ ಬಿಟ್ಟಿದೆ. ಒಂದು ಡಬ್ಬಿ ಬಸ್ಸಿನವನ ಕೈಲಿ ಕಳಿಸಿದ್ದೇನೆ, ನಿಲ್ದಾಣಕ್ಕೆ ಹೋಗಿ ಇಸಿದುಕೋ. ನಿಂಬೆಹಣ್ಣಿನ ಉಪ್ಪಿನಕಾಯಿಯೂ ಇದೆ, ಅದನ್ನು ಸ್ನೇಹಿತರಿಗೆಲ್ಲ ಹಂಚಿ ಧರ್ಮಾತ್ಮ ಅನ್ನಿಸಿಕೊಳ್ಳಬೇಡ.

ಮೊಣಕಾಲು ಇದ್ದ ಹಾಗೇ ಇದೆ. ಮಾಳಿಗೆ ಹತ್ತುವುದನ್ನು ಬಿಟ್ಟಿದ್ದೇನೆ. ನಿನ್ನ ಕೋಣೆಯಲ್ಲಿ ಈಗ ಉಣ್ಣೆ ತುಂಬಿಸಿದ್ದೇನೆ. ಬೆಕ್ಕು ಸತ್ತಿತು. ಒಲೆಯ ಯಜಮಾನ ಬಾ ಅಲ್ಲಾಲ್ ಇನ್ನೂ ಅದರ ಮುಂದೆ ಕೂತು ಊರಿನವರ ರೊಟ್ಟಿಯ ಜೊತೆಗೆ ಊರಿನವರನ್ನೂ ಬೇಯಿಸುತ್ತಿದ್ದಾನೆ.

ನೀನು ಕೇಳಿದ ಕಾಗದದ ವಿಷಯ. ನಾನು ಹೆಂಗಸು, ಬರೆದುಕೊಟ್ಟರೆ ಯಾರು ನಂಬುತ್ತಾರೆ? ಆ ಮುಕದ್ದಮನಿಗೂ ಬೇರೆ ಕಡೆ ವರ್ಗ ಆಯಿತು. ಸ್ವಲ್ಪ ತಾಳು, ವಿಚಾರಿಸುತ್ತೇನೆ. ಚಳಿ ಬಂತು, ಎದೆಗೆ ಬೆಚ್ಚಗೆ ಹಾಕಿಕೋ.

ಬತೂಲ್

*

ಕಾಸಾಬ್ಲಾಂಕ
20 ನವೆಂಬರ್ 2018

ಖಾಲ್ತಿ,

ಡಬ್ಬಿ ಸಿಕ್ಕಿತು. ಉಪ್ಪಿನಕಾಯಿ ಯಾರಿಗೂ ಕೊಡಲಿಲ್ಲ.

ನಿನ್ನೆ ಮತ್ತೆ ಕಾರ್ಡಿನ ಕಚೇರಿಗೆ ಕರೆಸಿದ್ದರು. ಗುಮಾಸ್ತೆ ಒಳ್ಳೆಯ ಹೆಂಗಸು. ಕಡತ ತಿರುಗಿಸಿ ವರದಿ ಓದಿ ಹೇಳಿದಳು: "ಮನೆ ಒಡತಿಯನ್ನೇ ಕೇಳಿದ್ದಾರಪ್ಪಾ. 'ಯಾರೂ ಇಲ್ಲ' ಅಂದಿದ್ದಾಳೆ ಅಂತ ಇದೆ. ನಾನೇನು ಮಾಡ್ಲಿ? ಆ ಹದಿನಾಲ್ಕು ತಿಂಗಳು ನೀನು ಈ ದೇಶದಲ್ಲೇ ಇರಲಿಲ್ಲ ಅಂತ್ಲೇ ಲೆಕ್ಕ. ಎಣಿಕೆ ಕಾಸಾಬ್ಲಾಂಕದಿಂದ ಹೊಸದಾಗಿ ಶುರು."

ಮಾರ್ಚ್ ಮುಗಿಯುವುದರೊಳಗೆ ಪುರಾವೆ ಕೊಡಬೇಕು. ಕೊಡದಿದ್ದರೆ ಕಡತ ಮುಚ್ಚುತ್ತಾರೆ.

ನಿಮ್ಮ ಬೀದಿಯಲ್ಲಿ ಒಡತಿ ಅನ್ನಿಸಿಕೊಳ್ಳುವವರು ಬೇರೆ ಯಾರಾದರೂ ಇದ್ದಾರೆಯೇ, ಖಾಲ್ತಿ?

ಇದ್ರಿಸ್ಸಾ

*

ಸಲೇ
2 ಡಿಸೆಂಬರ್ 2018

ಇದ್ರೀಸ್,

ಏನು ಪ್ರಶ್ನೆ ಇದು? ನನ್ನನ್ನು ಕಟಕಟೆಗೆ ನಿಲ್ಲಿಸಿ ಕೇಳುತ್ತಿದ್ದೀಯಾ?

ಹಾಗಾದರೆ ನಾನೂ ಕೇಳುತ್ತೇನೆ. ಹೋಗುವಾಗ ನೀನು ಹೇಳಿ ಹೋದೆಯಾ? ಶುಕ್ರವಾರ. ನಾನು ಬೀದಿಯ ಸ್ನಾನದ ಮನೆಗೆ ಹೋಗಿದ್ದೆ. ಬಂದು ಏಳು ತರಕಾರಿ ಹಾಕಿ ಕುಸ್ಕುಸ್ ಮಾಡಿ, ಊಟಕ್ಕೆ ಬಾ ಎಂದು ಮೆಟ್ಟಿಲ ಕೆಳಗೆ ನಿಂತು ನಾಲ್ಕು ಸಲ ಕೂಗಿದೆ. ಕಾಲು ಎಳೆದುಕೊಂಡು ಹತ್ತಿ ನೋಡಿದರೆ ಕೋಣೆ ಗುಡಿಸಿಟ್ಟಿತ್ತು. ಹಾಸಿಗೆ ಸುತ್ತಿಟ್ಟಿತ್ತು. ಬೀಗದ ಕೈ ಕಿಟಕಿಯ ಮೇಲಿತ್ತು. ನಾನು ಸಾಕಿದ ಬೆಕ್ಕು ಕೂಡ ಸಾಯುವ ಮುಂಚೆ ನನ್ನ ಮುಖ ನೋಡಿ ಸತ್ತಿತು.

ಅಷ್ಟು ದೊಡ್ಡ ಬಟ್ಟಲಿನ ಊಟ ನಾನೊಬ್ಬಳೇ ಮೂರು ದಿನ ತಿಂದೆ. ನಿನಗೆ ಕಾಗದ ಬೇಕಾದಾಗ ಮಾತ್ರ ಖಾಲ್ತಿ ನೆನಪಾಗುತ್ತಾಳೆ.

ಬತೂಲ್

*

ಕಾಸಾಬ್ಲಾಂಕ
15 ಡಿಸೆಂಬರ್ 2018

ಖಾಲ್ತಿ ಬತೂಲ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಹೇಳದೆ ಹೋದದ್ದು ತಪ್ಪು. ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ. ಏಪ್ರಿಲ್ ನಂತರ ಊರಿಗೆ ಹೋಗಲು ಬಸ್ಸಿನ ದಾರಿ ವಿಚಾರಿಸುತ್ತಿದ್ದೇನೆ.

ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿಕೊಳ್ಳಿ.

ಇದ್ರಿಸ್ಸಾ

*

ಸಲೇ
8 ಜನವರಿ 2019

ಮಗಾ,

ಅಲ್ಲಾಹನ ಹೆಸರು ಹೇಳಿ ಶುರು ಮಾಡುತ್ತಿದ್ದೇನೆ, ಅವನ ಹೆಸರು ಹೇಳಿದ ಮೇಲೆ ಸುಳ್ಳು ಬರೆಯುವ ಹಾಗಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಆಯಿತು ನನ್ನ ಹೋದ ಕಾಗದ. ಬೈದು ಬರೆದೆ, ಅಂಚೆಗೂ ಹಾಕಿದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ನೀನು ಕೇಳಿದ ಒಡತಿ ಬೇರೆ ಯಾರೂ ಅಲ್ಲ. ನಾನೇ.

ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ, ಕೇಳು. ಈ ಮನೆ ನನ್ನ ಗಂಡನದು ಮಾತ್ರ ಅಲ್ಲ, ನನ್ನ ಮೈದುನ ಸೀ ಥಾಮಿಯದೂ ಹೌದು. ಗಂಡ ತೀರಿಕೊಂಡ ನಲವತ್ತನೆಯ ದಿನ, ಊಟವಾದ ಮೇಲೆ, ಥಾಮಿ ಎಲ್ಲರ ಎದುರು ಹೇಳಿದ್ದ: "ಅತ್ತಿಗೆ ಬದುಕಿರೋವರೆಗೂ ಇಲ್ಲೇ ಇರ್ಲಿ, ನಾನು ಮನೆ ಕೇಳಲ್ಲ. ಆದ್ರೆ ಪರರು ಯಾರೂ ಬಂದು ಇರಕೂಡದು. ಪರರು ಕಾಲಿಟ್ಟ ದಿನ ಮನೆ ಮಾರೋಣ." ನಾನು ಆಗಲಿ ಅಂದೆ. ಏಳು ವರ್ಷ ಆದ ಮೇಲೆ ನೀನು ಬಂದೆ. ಒಂಟಿ ಮನೆಯಲ್ಲಿ ಮೆಟ್ಟಿಲ ಮೇಲೆ ಒಂದು ಕಾಲಿನ ಸದ್ದು ಬೇಕೆನಿಸಿತ್ತು ನನಗೆ. ಥಾಮಿ ಬರುವುದು ತಿಂಗಳಿಗೊಮ್ಮೆ. ನೀನು ಸಂತೆಗೆ ಹೋಗಿರುವ ಹೊತ್ತು ನೋಡಿಯೇ ಅವನನ್ನು ಕರೆಯುತ್ತಿದ್ದೆ.

ಮುಕದ್ದಮ ಬಂದ ದಿನ ಥಾಮಿ ಹೇಳದೆ ಬಂದಿದ್ದ. ಕಿತ್ತಳೆ ಚೀಲ ಹಿಡಿದುಕೊಂಡು ಬಾಗಿಲಲ್ಲೇ ಅವನ ಪಕ್ಕ ನಿಂತಿದ್ದ. ಮುಕದ್ದಮ ಕಾಗದ ತೆಗೆದ.

"ಲಲ್ಲಾ, ಈ ಮನೇಲಿ ಯಾರ್ಯಾರಿದ್ದೀರಿ?"

"ನಾನು, ನನ್ನ ಬೆಕ್ಕು."

"ಬುರ್ಕಿನಾದ ಹುಡುಗ ಒಬ್ಬ ಇದ್ದಾನೆ ಅಂತ ಬಂದಿದೆಯಲ್ಲ?"

ನಾನು ಥಾಮಿಯ ಮುಖ ನೋಡಿದೆ. ಮನೆ ಹೋಯಿತು ಅಂದುಕೊಂಡೆ. "ಇಲ್ಲ" ಅಂದೆ. ಅಷ್ಟೇ ಆದದ್ದು. ಒಂದು ಮಾತು. ಅದಕ್ಕೆ ಮೂರು ವರ್ಷದಿಂದ ನನಗೆ ಸರಿಯಾದ ನಿದ್ದೆಯಿಲ್ಲ. ನೀನು ಹೋದ ಮೇಲೆ ನಿನ್ನ ಫೋನು ಬಂದಾಗಲೆಲ್ಲ ಅದರ ಮೇಲೆ ದಿಂಬು ಇಟ್ಟು ಕೂರುತ್ತಿದ್ದೆ.

ನೀನು ಊರಿಗೆ ಹೋಗಬೇಡ. ಏನು ಮಾಡಬೇಕು ಹೇಳು, ಮಾಡುತ್ತೇನೆ.

ನಿನ್ನ ಖಾಲ್ತಿ ಅನ್ನಿಸಿಕೊಳ್ಳಲು ಮುಖವಿಲ್ಲದ
ಬತೂಲ್

*

ಕಾಸಾಬ್ಲಾಂಕ
20 ಜನವರಿ 2019

ಖಾಲ್ತಿ,

ನೀವು ಬರೆದದ್ದು ಅರ್ಧ. ಇನ್ನರ್ಧ ನನ್ನ ಹತ್ತಿರ ಇದೆ.

ಆ ದಿನ ಮೀನಿನ ದೋಣಿ ಬಂದಿರಲಿಲ್ಲ. ನಾನು ಬೇಗ ವಾಪಸು ಬಂದು, ನೀವು ತೊಳೆದಿಟ್ಟ ಉಣ್ಣೆಯನ್ನು ಮಾಳಿಗೆಯ ಮೇಲೆ ಹರವುತ್ತಿದ್ದೆ. ಕೆಳಗಿನ ಬಾಗಿಲ ಮಾತು ಮಾಳಿಗೆಗೆ ಎಷ್ಟು ಚೆನ್ನಾಗಿ ಕೇಳಿಸುತ್ತದೆಂದು ನಿಮಗೆ ಗೊತ್ತು. ನೀವು ಇಲ್ಲ ಎಂದದ್ದು ಕೇಳಿತು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ಬಡವರು ಸುಳ್ಳು ಹೇಳುತ್ತಾರೆ, ನಾನೂ ದಿನಕ್ಕೆ ಎಂಟು ಗಂಟೆ ಜೂಲಿಯನ್ ಎಂದು ಹೇಳುತ್ತೇನೆ. ಆದರೆ ನೀವು ನಿಲ್ಲಿಸಲಿಲ್ಲ.

"ನನ್ನ ಗಂಡನ ಮನೇಲಿ ಕರಿಯನ್ನ ಇಟ್ಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ? ಆ ವಾಸನೆಗೆ ಅನ್ನ ಇಳಿಯುತ್ತಾ?" ಎಂದಿರಿ. ಮೂವರೂ ನಕ್ಕಿರಿ.

ಅವರು ಹೋದ ಮೇಲೆ ನಾನು ಸ್ವಲ್ಪ ಹೊತ್ತು ಕಾದು, ಈಗ ತಾನೇ ಎದ್ದವನ ಹಾಗೆ ಇಳಿದು ಬಂದೆ. ನೀವು ನನ್ನ ಮುಖ ನೋಡದೆ, "ಹಲಗೆ ತಗೊಂಡು ಹೋಗು ಮಗಾ, ಒಲೆ ಆರಿಬಿಡುತ್ತೆ" ಎಂದಿರಿ. ನಾಲ್ಕು ರೊಟ್ಟಿ ಇತ್ತು. ನಿಮ್ಮವು ಎರಡು, ನನಗೆಂದು ಸೋಂಪು ಹಾಕಿ ತಟ್ಟಿದ್ದು ಎರಡು. ತೆಗೆದುಕೊಂಡು ಹೋದೆ. ದಾರಿಯಲ್ಲಿ ಅಂಗಿಯನ್ನು ಮೂಸಿ ನೋಡಿಕೊಂಡೆ. ಮೂವತ್ತು ವರ್ಷದ ಗಂಡಸು ನಾನು, ನಡುಬೀದಿಯಲ್ಲಿ ನಿಂತು ನನ್ನ ಅಂಗಿ ಮೂಸಿದೆ.

ಆಮೇಲೆಯೂ ಒಂಬತ್ತು ತಿಂಗಳು ನಿಮ್ಮ ಕೈಯಡುಗೆ ಉಂಡೆ, ಏನೂ ಹೇಳಲಿಲ್ಲ. ಕೆಲಸ ಸಿಕ್ಕ ದಿನ ಬೇಕೆಂದೇ ಶುಕ್ರವಾರ ನೋಡಿ ಹೊರಟೆ. ನೀವು ಊಟಕ್ಕೆ ಕೂಗುತ್ತೀರಿ, ಯಾರೂ ಓಗೊಡುವುದಿಲ್ಲ ಎಂದು ಗೊತ್ತಿದ್ದೇ ಹೊರಟೆ. ಮೊದಲ ಪತ್ರದಲ್ಲಿ 'ತಪ್ಪು ಮನೆ ತಟ್ಟಿರಬೇಕು' ಎಂದು ಬರೆದದ್ದೂ ಬೇಕೆಂದೇ. ನೀವಾಗಿ ಹೇಳುತ್ತೀರೋ ಇಲ್ಲವೋ ನೋಡಬೇಕಿತ್ತು. ಕಾಲು ನೋವಿನ ಮುದುಕಿಯನ್ನು ಮೂರು ತಿಂಗಳು ಹೀಗೆ ಒದ್ದಾಡಿಸಿದ್ದಕ್ಕೆ ನನ್ನ ತಾಯಿ ಇದ್ದಿದ್ದರೆ ನನ್ನ ಕೆನ್ನೆಗೆ ಹೊಡೆಯುತ್ತಿದ್ದಳು.

ಏನು ಮಾಡಬೇಕು ಎಂದು ಕೇಳಿದಿರಿ. ಗುಮಾಸ್ತೆ ಹೇಳುತ್ತಾಳೆ, ನಿಮ್ಮ ಒಂದು ಸಹಿಗೆ ಈಗ ಬೆಲೆಯಿಲ್ಲ, ಮೊದಲಿನ ಮಾತೇ ನಿಂತಿದೆ. ಹನ್ನೆರಡು ಜನರ ಸಾಕ್ಷಿ ಬೇಕು. ನಿಮ್ಮ ಬೀದಿಯ ಹನ್ನೆರಡು ಗಂಡಸರು ಸಾಕ್ಷಿ ಬರೆದುಕೊಳ್ಳುವ ಅದೂಲರ ಮುಂದೆ ಹೋಗಿ, ಇವನು ಇಲ್ಲಿ ಇದ್ದದ್ದು ನಮಗೆ ಗೊತ್ತು ಎಂದು ಆಣೆ ಮಾಡಿ ಹೇಳಬೇಕು. ಅದನ್ನು ಖಾಜಿ ಮುದ್ರೆ ಹಾಕಿ ಕೊಟ್ಟರೆ ಒಪ್ಪುತ್ತಾರಂತೆ. ಹಾಗೆ ಮಾಡಿದರೆ ನಿಮ್ಮ ಮೈದುನನಿಗೆ ತಿಳಿಯುತ್ತದೆ. ಮನೆ ಹೋಗುತ್ತದೆ. ಬೇಡ ಎಂದರೆ ಬೇಡ. ಈ ಮಾತನ್ನು ಸಿಟ್ಟಿನಿಂದ ಹೇಳುತ್ತಿಲ್ಲ.

ಇದ್ರಿಸ್ಸಾ

*

ಸಲೇ
17 ಫೆಬ್ರವರಿ 2019

ಇದ್ರೀಸ್,

ನಿನ್ನ ಕಾಗದ ಓದಿ ನಾಲ್ಕು ದಿನ ರೊಟ್ಟಿ ತಟ್ಟಲಿಲ್ಲ. ಐದನೆಯ ದಿನ ಬಾ ಅಲ್ಲಾಲ್ ನಾನು ಸತ್ತಿದ್ದೇನೋ ಬದುಕಿದ್ದೇನೋ ನೋಡಲು ಬಂದ.

ಆ ಎರಡನೆಯ ಮಾತು ಆಡೆಂದು ನನಗೆ ಯಾರೂ ಹೇಳಿರಲಿಲ್ಲ ಮಗಾ. 'ಇಲ್ಲ' ಎಂದಷ್ಟೇ ಹೇಳಿದ್ದರೂ ಮನೆ ಉಳಿಯುತ್ತಿತ್ತು. ಥಾಮಿ ನಗಲಿ ಎಂದು, ಅನುಮಾನ ಪೂರಾ ಹೋಗಲಿ ಎಂದು ಆಡಿದೆ. ನಾಲಿಗೆಗೆ ಎಲುಬಿಲ್ಲ ಎಂದು ಅದರ ಮೇಲೆ ತಪ್ಪು ಹೊರಿಸಬಹುದು, ಆದರೆ ಮಾತು ನನ್ನೊಳಗೆ ಇತ್ತು, ಅದಕ್ಕೇ ಬಂತು. ಕಾಗದದಲ್ಲಿ ಅದನ್ನು ನುಂಗಿಕೊಂಡೆ. ನಿನಗೆ ಕೇಳಿಸಿಲ್ಲ ಎಂಬ ಧೈರ್ಯದ ಮೇಲೆ ಇಷ್ಟು ವರ್ಷ ಬದುಕಿದ್ದೆ. ಈಗ ಆ ಧೈರ್ಯವೂ ಇಲ್ಲ.

ಬಾ ಅಲ್ಲಾಲ್‌ಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. "ಲಲ್ಲಾ, ನೀನು ಯಾರಿಂದ ಬಚ್ಚಿಟ್ಟೆ?" ಅಂದ. "ನಿನ್ನ ಮನೆಯಿಂದ ದಿನಾ ಎರಡು ರೊಟ್ಟಿ ಬರೋದು. ಅವನು ಬಂದ ವಾರದಿಂದ ನಾಲ್ಕಾಯ್ತು, ಎರಡಕ್ಕೆ ಸೋಂಪು. ಯಾರ ಮನೇಲಿ ನೆಂಟರು ಬಂದ್ರು, ಯಾರ ಸೊಸೆ ತವರಿಗೆ ಹೋದ್ಳು, ಎಲ್ಲಾ ನನ್ನ ಒಲೆಗೆ ಗೊತ್ತಾಗುತ್ತೆ. ಒಂದನೇ ಸಾಕ್ಷಿ ನಾನೇ."

ಹೆಂಗಸಿನ ಸಾಕ್ಷಿ ಇದಕ್ಕೆ ನಡೆಯುವುದಿಲ್ಲವಂತೆ. ನಾನು ಮಾಡಬಹುದಾದದ್ದು ಬಾಗಿಲು ಬಾಗಿಲಿಗೆ ಹೋಗಿ ಕೇಳುವುದು. ಹೋದೆ. ಪ್ರತಿ ಬಾಗಿಲಲ್ಲೂ ಮೊದಲು ನಾನು ಆಡಿದ್ದನ್ನು ಹೇಳಬೇಕು, ಆಮೇಲೆ ಸಾಕ್ಷಿ ಕೇಳಬೇಕು. ಚಪ್ಪಲಿ ಹೊಲಿಯುವ ಮಿಲೂದಿ ಬಂದ, ನೀನು ಅವನ ಮಗನಿಗೆ ಫ್ರೆಂಚ್ ಹೇಳಿಕೊಟ್ಟಿದ್ದೆಯಂತೆ, ನನಗೆ ಗೊತ್ತೇ ಇರಲಿಲ್ಲ. ಹಾಲಿನವನು ಬಂದ. ಮಸೀದಿಯ ಮುಅಜ್ಜಿನ್ ಬಂದ. ಒಬ್ಬ ಮಾತ್ರ ಮುಖಕ್ಕೆ ಬಾಗಿಲು ಹಾಕಿದ, "ಅವ್ರಿಗೆಲ್ಲಾ ಹತ್ತು ವರ್ಷದ ಕಾರ್ಡು ಯಾಕೆ?" ಅಂದ. ಅವನಿಗೆ ಬೈಯಲು ಬಾಯಿ ತೆಗೆದೆ. ನಾನು ಆಡಿದ್ದಕ್ಕಿಂತ ಅವನು ಹೆಚ್ಚೇನು ಹೇಳಿದ ಅನ್ನಿಸಿ ಸುಮ್ಮನೆ ಬಂದೆ.

ಹನ್ನೊಂದು ಆಯಿತು. ಬೀದಿಯಲ್ಲಿ ಕೇಳದ ಗಂಡಸು ಉಳಿದಿರಲಿಲ್ಲ. ಉಳಿದವನು, ಬೀದಿಯವನಲ್ಲದಿದ್ದರೂ ಮನೆಯ ಪಾಲುದಾರ, ಥಾಮಿ ಒಬ್ಬನೇ.

ಅವನ ಮನೆಗೆ ಹೋಗಿ ಚಹಾಕ್ಕೂ ಕೂರದೆ ಹೇಳಿಬಿಟ್ಟೆ. ಅವನು ಲೋಟದಲ್ಲಿ ಪುದೀನ ಅದ್ದುತ್ತಾ ಕೂತಿದ್ದ.

"ಗೊತ್ತಿತ್ತು ಅತ್ತಿಗೆ," ಅಂದ.

"ಏನು ಗೊತ್ತಿತ್ತು?"

"ಅಲ್ಲಾಲನ ಒಲೆ ದಾಟೇ ಅಲ್ವಾ ನಾನು ನಿಮ್ಮ ಮನೆಗೆ ಬರೋದು? 'ನಿಮ್ಮತ್ತಿಗೆ ಈಗ ನಾಲ್ಕು ರೊಟ್ಟಿ ತಿಂತಾರೆ' ಅಂತ ಅವನು ನಕ್ಕಾಗ್ಲೇ ಗೊತ್ತಾಯ್ತು."

"ಗೊತ್ತಿದ್ದೂ ಬಾಗಿಲಲ್ಲಿ ಸುಮ್ನೆ ನಿಂತಿದ್ದೆಯಾ?"

"ಗೊತ್ತಿಲ್ಲದ ಹಾಗೆ ಇದ್ರೆ ನೀವು ನೆಮ್ಮದಿಯಾಗಿ ಇರ್ತೀರಿ ಅಂತ. ನೀವು ಅಂಥ ಮಾತು ಆಡ್ತೀರಿ ಅಂತ ನಾನೇನು ಕನಸು ಕಂಡಿದ್ನಾ? ನೀವು ಅಂದ್ರಿ, ನಾನೂ ನಕ್ಕೆ. ಆ ಪಾಪ ನಂದೂ ಇದೆ. ಬರ್ತೀನಿ ಸಾಕ್ಷಿಗೆ." ಆಮೇಲೆ ಲೋಟ ಕೆಳಗಿಟ್ಟ. "ಆದ್ರೆ ಅತ್ತಿಗೆ, ಖಾಜಿ ಮುಂದೆ ಗೊತ್ತಿತ್ತು ಅಂದ ಮೇಲೆ ನಾಳೆ ನನ್ನ ಮಕ್ಕಳ ಮುಂದೆ ಗೊತ್ತಿಲ್ಲ ಅನ್ನೋಕಾಗಲ್ಲ. ಅವ್ರು ಮಾರೋಣ ಅಂತಾರೆ. ನಾನು ತಡೆಯೋಕಾಗಲ್ಲ."

"ಮಾರು," ಅಂದೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನನ್ನ ಬಾಳು. ಯಾರಿಗೆ ಗೊತ್ತಾಗಬಾರದೆಂದು ಸುಳ್ಳು ಹೇಳಿದೆನೋ ಅವನಿಗೆ ಗೊತ್ತಿತ್ತು. ಯಾರಿಗೆ ಕೇಳಿಸಲಿಲ್ಲ ಅಂದುಕೊಂಡೆನೋ ಅವನಿಗೆ ಕೇಳಿಸಿತ್ತು. ಆ ಮಾತು ಯಾವ ಪ್ರಯೋಜನಕ್ಕೂ ಬರಲಿಲ್ಲ, ನಿನ್ನನ್ನು ನೋಯಿಸಿದ್ದು ಬಿಟ್ಟರೆ.

ಗುರುವಾರ ಹನ್ನೆರಡು ಜನವೂ ಹೋಗಿ ಹೇಳಿ ಬಂದರು. ಕಾಗದಕ್ಕೆ ಮುದ್ರೆ ಬಿದ್ದಿದೆ. ಇದರ ಜೊತೆ ಇಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಮನೆ ಬಿಡಬೇಕು. ನನ್ನ ಪಾಲು ನನಗೆ ಬರುತ್ತದೆ, ತಂಗಿಯ ಮಗಳು ಕೆನಿತ್ರಾದಲ್ಲಿದ್ದಾಳೆ, ಬೀದಿಗೆ ಬೀಳುವುದಿಲ್ಲ. ನನಗಾಗಿ ಮರುಗಬೇಡ.

ಬತೂಲ್

*

ಕಾಸಾಬ್ಲಾಂಕ
28 ಮಾರ್ಚ್ 2019

ಖಾಲ್ತಿ,

ಹನ್ನೆರಡು ಹೆಸರುಗಳನ್ನು ಗುಮಾಸ್ತೆಯ ಮುಂದೆ ಇಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಓದಿದಳು. "ರೊಟ್ಟಿ ಸುಡೋನು, ಚಪ್ಪಲಿ ಹೊಲಿಯೋನು, ಮುಅಜ್ಜಿನ್. ಇಷ್ಟು ಜನ ನಿನಗಾಗಿ ಆಣೆ ಮಾಡಿದ್ರಾ?" ಎಂದಳು. ಕಡತ ಒಪ್ಪಿದರು. ಉಳಿದದ್ದು ಒಂದೇ, ಈಗಿನ ವಿಳಾಸದ ವಿಚಾರಣೆ.

ನಿಮಗೆ ಒಂದು ಮಾತು ಬರೆಯಬೇಕೆಂದು ಹತ್ತು ಸಲ ಪೆನ್ನು ಹಿಡಿದೆ. ಕ್ಷಮಿಸಿದ್ದೇನೆ ಎಂದು ಬರೆಯಲು ಕೈ ಬರುವುದಿಲ್ಲ. ಬರೆದರೆ ಅದು ಜೂಲಿಯನ್ ಬರೆದ ಹಾಗಿರುತ್ತದೆ. ನಿಮ್ಮ ಮನೆ ನನ್ನಿಂದ ಹೋಯಿತು ಎಂಬುದೂ ಎದೆಯಲ್ಲಿ ಕೂತಿದೆ. ಎರಡೂ ಒಟ್ಟಿಗೆ ಇವೆ, ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ.

ಈಗ ನಾನು ಮಾಡಿರುವ ಹುಚ್ಚುತನ ಕೇಳಿ. ಇಂದು ಬೆಳಿಗ್ಗೆ ಈ ಬಡಾವಣೆಯ ಮುಕದ್ದಮ ಬಂದ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಈ ಮನೇಲಿ ಯಾರ್ಯಾರಿದ್ದೀರಿ?"

ಅದೇ ಪ್ರಶ್ನೆ. ಅದೇ ಪದಗಳು. ನನಗೆ ಮಾಳಿಗೆ, ಉಣ್ಣೆ, ಎಲ್ಲ ನೆನಪಾಯಿತು. "ನಾನು, ಮತ್ತೆ ನಮ್ಮ ಖಾಲ್ತಿ" ಎಂದುಬಿಟ್ಟೆ.

"ಖಾಲ್ತಿನಾ? ಎಲ್ಲಿ?"

"ಸಲೇಗೆ ಹೋಗಿದ್ದಾರೆ. ಸಾಮಾನು ತರೋಕೆ."

ಅವನು ಬರೆದುಕೊಂಡ. "ಏಪ್ರಿಲ್ ಹನ್ನೊಂದು, ಗುರುವಾರ, ಮತ್ತೆ ಬರ್ತೀನಿ. ಅವ್ರೂ ಇರ್ಬೇಕು, ಗುರುತಿನ ಚೀಟಿ ತೋರಿಸ್ಬೇಕು. ಇಲ್ಲಾಂದ್ರೆ ಸುಳ್ಳು ಮಾಹಿತಿ ಅಂತ ಬರೀಬೇಕಾಗುತ್ತೆ" ಎಂದ.

ಇಷ್ಟು ಕಷ್ಟಪಟ್ಟು ಕಟ್ಟಿದ ಕಡತವನ್ನು ನಾನೇ ಕೈಯಾರೆ ಕೆಡವುವ ಹಾಗೆ ಮಾಡಿಕೊಂಡಿದ್ದೇನೆ. ನಾಳೆಯೇ ಹೋಗಿ ಬಾಯಿ ತಪ್ಪಿ ಹೇಳಿದೆ ಎಂದು ತಿದ್ದಿಸಬಹುದು. ತಿದ್ದಿಸಲೇ? ಇಲ್ಲಿ ಎರಡು ಕೋಣೆ ಇದೆ, ಮೆಟ್ಟಿಲು ಇಲ್ಲ.

ಇದ್ರಿಸ್ಸಾ

*

ಸಲೇ
2 ಏಪ್ರಿಲ್ 2019

ಲೇ ಪೆದ್ದಾ,

ಹತ್ತು ವರ್ಷದ ಕಾರ್ಡು ಕೈಗೆ ಬಂದ ಹೊತ್ತಲ್ಲಿ ಮುಕದ್ದಮನ ಮುಂದೆ ಯಾರಾದರೂ ಸುಳ್ಳು ಹೇಳುತ್ತಾರೇನೋ? ಸುಳ್ಳು ಹೇಳಿದರೆ ಏನಾಗುತ್ತದೆಂದು ನನ್ನನ್ನು ನೋಡಿಯೂ ಬುದ್ಧಿ ಬರಲಿಲ್ಲವೇ ನಿನಗೆ?

ತಿದ್ದಿಸಬೇಡ.

ಬರುವ ಮಂಗಳವಾರ ಹನ್ನೊಂದು ಗಂಟೆಯ ರೈಲಿಗೆ ಬರುತ್ತೇನೆ. ರೊಟ್ಟಿ ಹಲಗೆ ತರುತ್ತಿದ್ದೇನೆ, ಉಳಿದದ್ದು ಥಾಮಿಯ ಮಕ್ಕಳು ತೆಗೆದುಕೊಳ್ಳಲಿ. ಎಷ್ಟು ದಿನ ಇರುತ್ತೇನೆ ಎಂದು ಈಗ ಕೇಳಬೇಡ, ನಾನೂ ಹೇಳುವುದಿಲ್ಲ. ನಿನಗೆ ನನ್ನ ಮುಖ ನೋಡಲು ಆಗದ ದಿನ ಹೇಳು, ಕೆನಿತ್ರಾಕ್ಕೆ ಹೋಗುತ್ತೇನೆ. ನೀನು ಕ್ಷಮಿಸಿಲ್ಲ ಎಂದು ಬರೆದದ್ದು ಒಳ್ಳೆಯದಾಯಿತು. ಕ್ಷಮಿಸಿದ್ದೇನೆ ಅಂದಿದ್ದರೆ ನಾನು ಬರುತ್ತಿರಲಿಲ್ಲ.

ಗುರುವಾರ ಬಾಗಿಲು ನಾನೇ ತೆಗೆಯುತ್ತೇನೆ. ನೀನು ಮಾಳಿಗೆಗೆ ಹೋಗಬೇಡ, ಸಂತೆಗೂ ಹೋಗಬೇಡ. ನನ್ನ ಹಿಂದೆಯೇ ನಿಂತಿರು. ಯಾರ್ಯಾರಿದ್ದೀರಿ ಎಂದು ಅವನು ಕೇಳಲಿ. ನಾನು ಹೇಳುವುದನ್ನು ಈ ಸಲವೂ ಕೇಳಿಸಿಕೋ.

ಸೋಂಪು ಅಲ್ಲಿ ಸಿಗುತ್ತದೆಯೋ, ಇಲ್ಲಿಂದಲೇ ತರಬೇಕೋ?

ಬತೂಲ್